ಮದರ್‌ಬೋರ್ಡ್ ಫರ್ಮ್‌ವೇರ್ ನವೀಕರಣ: ವಿಂಡೋಸ್ ಇಲ್ಲದ ಗಣಕಯಂತ್ರಗಳಲ್ಲಿ ಅನುಸರಿಸಬಹುದಾದ ಕ್ರಮಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ, ಅರಿವು ಕೇಂದ್ರಗಳಲ್ಲಿ ಹಾಗೂ ಶಾಲೆಗಳಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವ ಹಳೆಯ ಗಣಕಯಂತ್ರಗಳ ಪೈಕಿ ಕೆಲವಕ್ಕೆ ವಿಂಡೋಸ್ 11ನ್ನು ಅಳವಡಿಸುವ ಅರ್ಹತೆ ಇರುವುದಿಲ್ಲ. ಅವುಗಳನ್ನು ಗುಜರಿಗೆ ಹಾಕದೆ ಉಬುಂಟು, ಡೆಬಿಯನ್, ಫೆಡೋರಾ ಅಥವಾ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್‌ನಂತಹ ಮುಕ್ತ ತಂತ್ರಾಂಶವನ್ನು ಅಳವಡಿಸಿ ಬಳಕೆಯನ್ನು ಮುಂದುವರಿಸುವುದು ವಿವೇಕದ ಮಾರ್ಗ. ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶದ ಬಳಕೆಗೆ ಆದ್ಯತೆ ನೀಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರವು 2015ರಲ್ಲಿಯೇ ಪ್ರಕಟಿಸಿದೆ.

ಹೀಗೆ ಬದಲಾದ ಯಂತ್ರಗಳ ವಿಷಯದಲ್ಲಿ ಪದೇ ಪದೇ ಏಳುವ ಪ್ರಶ್ನೆಯೊಂದಿದೆ: ಬಯೋಸ್ ನವೀಕರಿಸಬೇಕಾದರೆ ವಿಂಡೋಸ್ ಬೇಕೇ ಬೇಕಲ್ಲವೆ? ತಯಾರಕರ ಜಾಲತಾಣವನ್ನು ತೆರೆದರೆ ಬಹುಮಟ್ಟಿಗೆ ಕಾಣುವುದು ವಿಂಡೋಸ್‌ನಲ್ಲಿ ಮಾತ್ರ ಓಡುವ ಇಎಕ್ಸ್‌ಇ ಕಡತವಾದ್ದರಿಂದ ಈ ಸಂದೇಹ ಸಹಜ. ಇದರಿಂದಾಗಿ ಕೆಲವರು ನವೀಕರಣವನ್ನೇ ಕೈಬಿಡುತ್ತಾರೆ. ಕೆಲವರು ಈ ಒಂದು ಕೆಲಸಕ್ಕಾಗಿ ಲಿನಕ್ಸ್ ಅಳಿಸಿ ವಿಂಡೋಸನ್ನು ಮರಳಿ ಅಳವಡಿಸುತ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ಹೊಸ ಪರವಾನಗಿ ಕೊಳ್ಳುವುದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ವಾಸ್ತವವಾಗಿ ಮದರ್‌ಬೋರ್ಡಿನ ಫರ್ಮ್‌ವೇರ್ ಯಾವ ಆಪರೇಟಿಂಗ್ ಸಿಸ್ಟಂಗೂ ಸೇರಿದ್ದಲ್ಲ. ತನ್ನನ್ನು ತಾನು ಮರುಬರೆದುಕೊಳ್ಳುವ ಸಾಮರ್ಥ್ಯ ಇಂದಿನ ಬಹುತೇಕ ಬೋರ್ಡುಗಳಿಗೆ ಇದೆ. ಸರಿಯಾದ ಕಡತವನ್ನು ಅದರ ಮುಂದಿಡುವುದು, ಕೆಲಸ ಮುಗಿಯುವವರೆಗೆ ವಿದ್ಯುತ್ ಕಡಿಯದಂತೆ ಕಾಯುವುದು ಇವೆರಡೇ ಮನುಷ್ಯನ ಪಾಲಿನ ಹೊಣೆ.

ಫರ್ಮ್‌ವೇರ್ ಇರುವ ಸ್ಥಳ

ಗಣಕಯಂತ್ರದ ಗುಂಡಿ ಒತ್ತಿದೊಡನೆ ಹಾರ್ಡ್ ಡಿಸ್ಕ್ ಎಚ್ಚರಗೊಳ್ಳುವುದಕ್ಕೂ ಮೊದಲು ಪ್ರೊಸೆಸರ್, ಸ್ಮೃತಿಕೋಶ, ಕೀಲಿಮಣೆ, ಪರದೆ ಇವುಗಳನ್ನು ಪರೀಕ್ಷಿಸಿ ಸಜ್ಜುಗೊಳಿಸುವ ಕ್ರಮವಿಧಿಯೇ ಫರ್ಮ್‌ವೇರ್. ಇದನ್ನು ಮದರ್‌ಬೋರ್ಡಿನ ಮೇಲೆ ಬೆಸೆದ, ಸಾಮಾನ್ಯವಾಗಿ ಎಂಟು ಕಾಲುಗಳುಳ್ಳ, ಕಿರುಬೆರಳಿನ ಉಗುರಿನಷ್ಟು ಗಾತ್ರದ ಫ್ಲ್ಯಾಶ್ ಚಿಪ್ಪಿನಲ್ಲಿ ಇರಿಸಿರುತ್ತಾರೆ. ಈಚಿನ ಬೋರ್ಡುಗಳಲ್ಲಿ ಅದರ ಸಾಮರ್ಥ್ಯ ಹೆಚ್ಚಾಗಿ 16 ಅಥವಾ 32 ಮೆಗಾಬೈಟ್. ಹಾರ್ಡ್ ಡಿಸ್ಕನ್ನು ಸಂಪೂರ್ಣ ಅಳಿಸಿದರೂ, ಬದಲಿಸಿದರೂ, ಈ ಚಿಪ್ಪಿನಲ್ಲಿರುವುದಕ್ಕೆ ಯಾವ ಧಕ್ಕೆಯೂ ಆಗುವುದಿಲ್ಲ. ಜನಬಳಕೆಯಲ್ಲಿ ಇದಕ್ಕೆ ಬಯೋಸ್ ಎಂಬ ಹೆಸರೇ ನಿಂತಿದೆ. ಇಂದಿನ ಯಂತ್ರಗಳಲ್ಲಿ ಇರುವುದು ಅದರ ಉತ್ತರಾಧಿಕಾರಿಯಾದ ಯುಇಎಫ್‌ಐ.

ವಿಂಡೋಸ್ ಬೇಕೇ ಬೇಕೆಂಬ ನಂಬಿಕೆ ಹೇಗೆ ಬೇರೂರಿತೆಂಬುದಕ್ಕೂ ಒಂದು ಹಿನ್ನೆಲೆಯಿದೆ. 1981ರಲ್ಲಿ ಐಬಿಎಂ ಪಿಸಿ ಮಾರುಕಟ್ಟೆಗೆ ಬಂದಾಗ ಬಯೋಸ್ ಇದ್ದದ್ದು ಓದಲಷ್ಟೇ ಸಾಧ್ಯವಿದ್ದ ಚಿಪ್ಪಿನಲ್ಲಿ. ಅದನ್ನು ಬದಲಿಸಬೇಕಾದರೆ ಚಿಪ್ಪನ್ನೇ ಕಿತ್ತು ಬೇರೊಂದನ್ನು ಕೂರಿಸಬೇಕಿತ್ತು. ತೊಂಬತ್ತರ ದಶಕದಲ್ಲಿ ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಾದ ಫ್ಲ್ಯಾಶ್ ಚಿಪ್ಪುಗಳು ಬಂದ ಮೇಲೆ ನವೀಕರಣವು ಫ್ಲಾಪಿ ಮತ್ತು ಡಾಸ್ ಮೂಲಕ ನಡೆಯತೊಡಗಿತು. ಡಾಸ್ ಮರೆಯಾದಾಗ ತಯಾರಕರು ಅದೇ ಕೆಲಸಕ್ಕೆ ವಿಂಡೋಸ್ ಕ್ರಮವಿಧಿಗಳನ್ನು ಕೊಟ್ಟರು. ಅಂದರೆ ವಿಂಡೋಸ್ ಇಲ್ಲಿ ಕೇವಲ ವಾಹನ, ಅದೂ ಹಲವು ವಾಹನಗಳಲ್ಲಿ ಒಂದು. ಅಂದ ಹಾಗೆ, ಚಾಲನೆಯಲ್ಲಿರುವ ಆಪರೇಟಿಂಗ್ ಸಿಸ್ಟಂನಿಂದಲೇ ಈ ಚಿಪ್ಪಿಗೆ ಕೈಹಾಕುವುದು ಎಷ್ಟು ಅಪಾಯಕರ ಎಂಬುದನ್ನು ಸಿಐಎಚ್ ಎಂಬ ವೈರಸ್ ಬಹಳ ಹಿಂದೆಯೇ ತೋರಿಸಿಕೊಟ್ಟಿತ್ತು. 1998ರಲ್ಲಿ ಕಾಣಿಸಿಕೊಂಡ ಅದು 1999ರ ಏಪ್ರಿಲ್ 26ರಂದು ಸಕ್ರಿಯಗೊಂಡು, ವಿಂಡೋಸ್ 95 ಮತ್ತು 98 ಇದ್ದ ಯಂತ್ರಗಳಲ್ಲಿ ಡಿಸ್ಕಿನ ಮಾಹಿತಿಯನ್ನಷ್ಟೇ ಅಲ್ಲದೆ ಕೆಲವು ಬೋರ್ಡುಗಳ ಬಯೋಸನ್ನೂ ಅಳಿಸಿಹಾಕಿತು. ಇಂದಿನ ಫರ್ಮ್‌ವೇರ್ ಹೊಸ ಕಡತದ ಡಿಜಿಟಲ್ ಸಹಿಯನ್ನು ತಾನೇ ಪರಿಶೀಲಿಸಿಕೊಂಡು ಬರೆಯಲು ಒಪ್ಪುವುದು ಇಂತಹ ಅನುಭವಗಳ ಬಳಿಕವೇ.

ನವೀಕರಣ ಯಾವಾಗ ಅವಶ್ಯ

ಹೊಸ ಆವೃತ್ತಿ ಬಂದಿದೆ ಎಂಬುದೊಂದೇ ನವೀಕರಣಕ್ಕೆ ಕಾರಣವಾಗಬಾರದು. ಗ್ರಾಮ ಪಂಚಾಯಿತಿಯೊಂದರಲ್ಲಿ ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳಿಗೂ ತೆರಿಗೆ ರಸೀದಿಗೂ ನರೇಗಾ ಕೂಲಿಯ ದಾಖಲೆಗೂ ಒಂದೆರಡು ಯಂತ್ರಗಳೇ ಆಧಾರವಾಗಿರುವಾಗ, ಬರವಣಿಗೆ ಅರ್ಧಕ್ಕೆ ನಿಂತು ಬೋರ್ಡ್ ಮೌನವಾದರೆ ಅದರ ಪರಿಣಾಮ ಕೌಂಟರಿನ ಮುಂದೆ ನಿಂತ ಜನರ ಮೇಲಾಗುತ್ತದೆ. ಆದುದರಿಂದ ತಯಾರಕರ ಜಾಲತಾಣದಲ್ಲಿ ಪ್ರತಿ ಆವೃತ್ತಿಯ ಜೊತೆಗಿರುವ ಬದಲಾವಣೆಗಳ ಟಿಪ್ಪಣಿಯನ್ನು ಮೊದಲು ಓದತಕ್ಕದ್ದು. ಅಲ್ಲಿ ಭದ್ರತಾ ದೋಷದ ನಿವಾರಣೆ, ಯಂತ್ರ ಅಕಾರಣ ಸ್ಥಗಿತಗೊಳ್ಳುವುದರ ಪರಿಹಾರ, ಹೊಸ ಪ್ರೊಸೆಸರಿಗೆ ಅಥವಾ ಡಿಸ್ಕಿಗೆ ಬೆಂಬಲ ಇವುಗಳ ಉಲ್ಲೇಖವಿದ್ದರೆ ನವೀಕರಿಸುವುದು ಯುಕ್ತ. ಬೇರೆ ದೇಶದ ಭಾಷೆಯ ಅನುವಾದ ಸೇರಿಸಿದೆ, ಲಾಂಛನ ಬದಲಾಗಿದೆ ಎಂಬಷ್ಟೇ ಇದ್ದರೆ ಸರಿಯಾಗಿ ನಡೆಯುತ್ತಿರುವ ಯಂತ್ರವನ್ನು ಮುಟ್ಟದಿರುವುದೇ ಲೇಸು.

ಭದ್ರತಾ ಕಾರಣಗಳು ಮಾತ್ರ ಕಾಲ್ಪನಿಕವಲ್ಲ. ಯಂತ್ರ ಆರಂಭವಾಗುವಾಗ ಪರದೆಯ ಮೇಲೆ ಮೂಡುವ ತಯಾರಕರ ಲಾಂಛನದ ಚಿತ್ರವನ್ನು ಓದುವ ಭಾಗದಲ್ಲಿಯೇ ದೋಷಗಳಿವೆ ಎಂಬುದು 2023ರ ಡಿಸೆಂಬರ್‌ನಲ್ಲಿ ಬಹಿರಂಗವಾಯಿತು. ಲೋಗೋಫೇಲ್ ಎಂದು ಹೆಸರಾದ ಈ ದೋಷಗಳು ಅನೇಕ ತಯಾರಕರ ಯಂತ್ರಗಳಿಗೆ ಅನ್ವಯಿಸುವಂಥವು. ಇನ್ನು ಇಂಟೆಲ್ ಸಂಸ್ಥೆಯ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಧಿಕ ವೋಲ್ಟೇಜಿನಿಂದ ಅಸ್ಥಿರವಾಗುತ್ತಿದ್ದುದಕ್ಕೆ 2024ರ ಆಗಸ್ಟ್‌ನಿಂದ ಬಂದ ಪರಿಹಾರವು ಬಯೋಸ್ ನವೀಕರಣದ ರೂಪದಲ್ಲಿಯೇ ಬಂದಿತು. ಸೆಕ್ಯೂರ್ ಬೂಟ್‌ಗೆ ಆಧಾರವಾಗಿರುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿಯು 2026ರ ಜೂನ್‌ನಿಂದ ಮುಗಿಯತೊಡಗುವುದೂ ಗಮನಾರ್ಹ. ಬಹುತೇಕ ಲಿನಕ್ಸ್ ವಿತರಣೆಗಳ ಆರಂಭಿಕ ಕಡತಕ್ಕೂ ಇದೇ ಸರಣಿಯ ಸಹಿ ಇರುವುದರಿಂದ ವಿಷಯ ವಿಂಡೋಸ್‌ಗೆ ಸೀಮಿತವಲ್ಲ. ಅವಧಿ ಮುಗಿದ ಮಾತ್ರಕ್ಕೆ ಈಗಾಗಲೇ ಅಳವಡಿಸಿರುವ ವ್ಯವಸ್ಥೆ ನಿಂತುಹೋಗುವುದಿಲ್ಲ. ಆದರೆ ಹೊಸ ಸಹಿಯುಳ್ಳ ವಿತರಣೆಗಳನ್ನು ಸೆಕ್ಯೂರ್ ಬೂಟ್ ಸಹಿತ ಅಳವಡಿಸಲು ಫರ್ಮ್‌ವೇರ್‌ನಲ್ಲಿ 2023ರ ಪ್ರಮಾಣಪತ್ರ ಇರಬೇಕಾಗುತ್ತದೆ.

ಇಲ್ಲೊಂದು ಸಮಾಧಾನದ ಸಂಗತಿಯೂ ಇದೆ. ಪ್ರೊಸೆಸರಿನ ಒಳಸೂಚನೆಗಳಾದ ಮೈಕ್ರೋಕೋಡನ್ನು ಲಿನಕ್ಸ್ ತಾನು ಆರಂಭವಾಗುವಾಗಲೇ ತುಂಬಿಕೊಳ್ಳಬಲ್ಲದು. ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಇಂಟೆಲ್ ಹಾಗೂ ಎಎಂಡಿ ಪ್ರೊಸೆಸರುಗಳಿಗೆ ಪ್ರತ್ಯೇಕ ಮೈಕ್ರೋಕೋಡ್ ಪ್ಯಾಕೇಜುಗಳಿದ್ದು, ಅವು ಸಾಮಾನ್ಯ ನವೀಕರಣದೊಂದಿಗೆ ಬರುತ್ತವೆ. ತಯಾರಕರೇ ಕೈಬಿಟ್ಟ ಹಳೆಯ ಬೋರ್ಡುಗಳಿಗೆ ಪ್ರೊಸೆಸರ್ ಸಂಬಂಧಿ ದೋಷಗಳ ಪರಿಹಾರ ಈ ದಾರಿಯಿಂದ ಸಾಕಷ್ಟು ಮಟ್ಟಿಗೆ ದೊರೆಯುತ್ತದೆ.

ಬೋರ್ಡಿನ ಗುರುತು

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ವ್ಯಯಿಸಬೇಕಾದದ್ದು ಇಲ್ಲಿಯೇ. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಎಂಬ ಅಪ್ಪಣೆಯನ್ನು ನಿರ್ವಾಹಕ ಅಧಿಕಾರದಲ್ಲಿ ಓಡಿಸಿದರೆ ಯಂತ್ರದ ತಯಾರಕರು, ಮಾದರಿ, ಮದರ್‌ಬೋರ್ಡಿನ ಹೆಸರು, ಬಯೋಸ್ ಆವೃತ್ತಿ ಮತ್ತು ಅದರ ದಿನಾಂಕ ಎಲ್ಲವೂ ಪರದೆಯ ಮೇಲೆ ಬರುತ್ತವೆ. ಯಂತ್ರ ಆರಂಭವಾಗುವಾಗ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿ ಸೆಟಪ್ ಪರದೆಯನ್ನು ತೆರೆದರೂ ಈ ವಿವರ ಸಿಗುತ್ತದೆ. ಬ್ರ್ಯಾಂಡೆಡ್ ಯಂತ್ರಗಳಾದರೆ ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿರುವ ಸಂಖ್ಯೆಯೇ ಅಧಿಕೃತ ಗುರುತು: ಡೆಲ್‌ನಲ್ಲಿ ಸರ್ವಿಸ್ ಟ್ಯಾಗ್, ಲೆನೊವೊದಲ್ಲಿ ಮೆಷಿನ್ ಟೈಪ್, ಎಚ್‌ಪಿಯಲ್ಲಿ ಪ್ರಾಡಕ್ಟ್ ನಂಬರ್.

ಬಿಡಿಭಾಗಗಳಿಂದ ಜೋಡಿಸಿದ ಯಂತ್ರಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಜಿಲ್ಲಾ ಕೇಂದ್ರದ ಅಂಗಡಿಯಿಂದಲೋ ಬಿಡಿಭಾಗ ತಂದು ಜೋಡಿಸಿದ ಪೆಟ್ಟಿಗೆಯ ಮೇಲಿನ ಹೆಸರಿಗೂ ಒಳಗಿನ ಬೋರ್ಡಿಗೂ ಸಂಬಂಧ ಇರಬೇಕೆಂದಿಲ್ಲ. ಪಕ್ಕದ ಮುಚ್ಚಳ ತೆಗೆದು ಬೋರ್ಡಿನ ಮೇಲೆಯೇ ಅಚ್ಚಾಗಿರುವ ಹೆಸರನ್ನು ಓದುವುದು ಲೇಸು. ಕೆಲವು ತಯಾರಕರು ಒಂದೇ ಹೆಸರಿನ ಬೋರ್ಡನ್ನು ಪರಿಷ್ಕರಿಸಿ ಮಾರುತ್ತಾರೆ. ಗಿಗಾಬೈಟ್ ಬೋರ್ಡುಗಳ ಮೂಲೆಯಲ್ಲಿ ರೆವ್ 1.0, ರೆವ್ 2.0 ಎಂಬ ಗುರುತು ಇರುವುದು ಇದಕ್ಕೆಂದೇ, ಮತ್ತು ಒಂದರ ಕಡತ ಇನ್ನೊಂದಕ್ಕೆ ಸಲ್ಲುವುದಿಲ್ಲ. ತಯಾರಕರ ಜಾಲತಾಣವೇ ಇಲ್ಲದ, ಹೆಸರೂ ಸ್ಪಷ್ಟವಿಲ್ಲದ ಅಗ್ಗದ ಬೋರ್ಡು ಎಂದು ಕಂಡುಬಂದರೆ ಕೆಲಸ ಅಲ್ಲಿಗೇ ಮುಗಿಯಿತು. ಅದೇ ಚಿಪ್‌ಸೆಟ್‌ನ ಬೇರೆ ಬೋರ್ಡಿನ ಕಡತವನ್ನು ಹಾಕಿ ನೋಡೋಣ ಎಂಬ ಪ್ರಯೋಗಕ್ಕೆ ಕಚೇರಿಯ ಯಂತ್ರ ಗುರಿಯಾಗಬಾರದು.

ಮೊದಲ ದಾರಿ: ಲಿನಕ್ಸ್‌ನೊಳಗಿನಿಂದಲೇ

ರೆಡ್ ಹ್ಯಾಟ್ ಸಂಸ್ಥೆಯ ರಿಚರ್ಡ್ ಹ್ಯೂಸ್ ಅವರು 2015ರ ಸುಮಾರಿಗೆ ಆರಂಭಿಸಿದ ಎಫ್‌ಡಬ್ಲ್ಯುಅಪ್‌ಡಿ ಎಂಬ ತಂತ್ರಾಂಶ ಮತ್ತು ಅದಕ್ಕೆ ಕಡತಗಳನ್ನು ಪೂರೈಸುವ ಲಿನಕ್ಸ್ ವೆಂಡರ್ ಫರ್ಮ್‌ವೇರ್ ಸರ್ವಿಸ್ ಎಂಬ ಉಗ್ರಾಣ, ಇವೆರಡೂ ಸೇರಿ ಈ ಕ್ಷೇತ್ರದ ಚಿತ್ರವನ್ನೇ ಬದಲಿಸಿವೆ. ತಯಾರಕರು ತಾವೇ ಸಹಿ ಮಾಡಿದ ಫರ್ಮ್‌ವೇರನ್ನು ಉಗ್ರಾಣಕ್ಕೆ ಸೇರಿಸುತ್ತಾರೆ. ಬಳಕೆದಾರರ ಯಂತ್ರ ತನ್ನ ಮಾದರಿಗೆ ಹೊಂದುವುದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಆದ್ದರಿಂದ ತಪ್ಪು ಕಡತ ಆಯ್ದುಕೊಳ್ಳುವ ಭಯ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಡೆಲ್ ಮತ್ತು ಲೆನೊವೊ ಸಂಸ್ಥೆಗಳ ಕಚೇರಿ ಬಳಕೆಯ ಸರಣಿಗಳಾದ ಆಪ್ಟಿಪ್ಲೆಕ್ಸ್, ಲ್ಯಾಟಿಟ್ಯೂಡ್, ಥಿಂಕ್‌ಸೆಂಟರ್, ಥಿಂಕ್‌ಪ್ಯಾಡ್‌ಗಳಿಗೆ ಈ ಸೌಲಭ್ಯ ವ್ಯಾಪಕವಾಗಿದೆ. ಎಚ್‌ಪಿಯ ಕೆಲವು ಮಾದರಿಗಳೂ ಇವೆ. ಸೆಕ್ಯೂರ್ ಬೂಟ್‌ನ ಹೊಸ ಪ್ರಮಾಣಪತ್ರಗಳೂ ಇದೇ ಉಗ್ರಾಣದ ಮೂಲಕ ಬರುತ್ತಿವೆ. ಜೋಡಿಸಿದ ಯಂತ್ರಗಳ ಬೋರ್ಡುಗಳು ಮಾತ್ರ ಬಹುಮಟ್ಟಿಗೆ ಇದರ ಹೊರಗೇ ಉಳಿದಿವೆ.

ಉಬುಂಟು 24.04ರಲ್ಲಿ ಫರ್ಮ್‌ವೇರ್ ಅಪ್‌ಡೇಟರ್ ಎಂಬ ಚಿತ್ರಾತ್ಮಕ ಸಾಧನವೇ ಇದೆ. ಅದು ಇಲ್ಲದ ಕಡೆ ಟರ್ಮಿನಲ್ ತೆರೆದು ಎಫ್, ಡಬ್ಲ್ಯು, ಯು, ಪಿ, ಡಿ, ಎಂ, ಜಿ, ಆರ್ ಎಂಬ ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒಟ್ಟಾಗಿ ಟೈಪಿಸಿ, ಒಂದು ತೆರಪು ಬಿಟ್ಟು, ಮುಂದಿನ ಪದವನ್ನು ಸೇರಿಸಬೇಕು. ರಿಫ್ರೆಶ್ ಎಂದರೆ ಉಗ್ರಾಣದ ಪಟ್ಟಿ ತಾಜಾ ಆಗುತ್ತದೆ; ಗೆಟ್-ಅಪ್‌ಡೇಟ್ಸ್ ಎಂದರೆ ಯಂತ್ರಕ್ಕೆ ಲಭ್ಯವಿರುವುದು ಕಾಣುತ್ತದೆ; ಅಪ್‌ಡೇಟ್ ಎಂದರೆ ಕೆಲಸ ಆರಂಭವಾಗುತ್ತದೆ. ವಾಸ್ತವದಲ್ಲಿ ಲಿನಕ್ಸ್ ಈ ಹಂತದಲ್ಲಿ ಚಿಪ್ಪನ್ನು ಮುಟ್ಟುವುದಿಲ್ಲ. ಹೊಸ ಫರ್ಮ್‌ವೇರನ್ನು ಕ್ಯಾಪ್ಸೂಲ್ ರೂಪದಲ್ಲಿ ಡಿಸ್ಕಿನ ಇಎಫ್‌ಐ ವಿಭಾಗದಲ್ಲಿ ಇರಿಸಿ, ಮುಂದಿನ ಸಲ ಆರಂಭವಾಗುವಾಗ ಇದನ್ನು ನೋಡು ಎಂದು ಸೂಚಿಸಿ ಪಕ್ಕಕ್ಕೆ ಸರಿಯುತ್ತದೆ. ಯಂತ್ರ ಮರುಚಾಲನೆಗೊಂಡಾಗ ಬೋರ್ಡೇ ಸಹಿ ಪರೀಕ್ಷಿಸಿ ಬರೆದುಕೊಳ್ಳುತ್ತದೆ. ಇಎಫ್‌ಐ ವಿಭಾಗದಲ್ಲಿ ಸ್ಥಳ ಸಾಲದಿದ್ದರೆ, ಲ್ಯಾಪ್‌ಟಾಪ್ ವಿದ್ಯುತ್ತಿಗೆ ಜೋಡಣೆಯಾಗದಿದ್ದರೆ ಅಥವಾ ಅದರ ಬ್ಯಾಟರಿ ಬಹಳ ಇಳಿದಿದ್ದರೆ ತಂತ್ರಾಂಶ ಮುಂದುವರಿಯಲು ನಿರಾಕರಿಸುತ್ತದೆ. ಇದು ದೋಷವಲ್ಲ, ರಕ್ಷಣೆ. ಹಳೆಯ ಲೆಗಸಿ ಬಯೋಸ್ ವಿಧಾನದಲ್ಲಿ ಲಿನಕ್ಸ್ ಅಳವಡಿಸಿದ ಯಂತ್ರಗಳಲ್ಲಿ ಕ್ಯಾಪ್ಸೂಲ್ ವಿಧಾನ ನಡೆಯುವುದಿಲ್ಲ; ಅವಕ್ಕೆ ಎರಡನೆಯ ದಾರಿಯೇ ಗತಿ.

ಎರಡನೆಯ ದಾರಿ: ಪೆನ್‌ಡ್ರೈವ್ ಮತ್ತು ಸೆಟಪ್ ಪರದೆ

ಆಸುಸ್ ಬೋರ್ಡುಗಳಲ್ಲಿ ಈಜಿ ಫ್ಲ್ಯಾಶ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್, ಎಂಎಸ್‌ಐಯಲ್ಲಿ ಎಂ-ಫ್ಲ್ಯಾಶ್, ಆಸ್‌ರಾಕ್‌ನಲ್ಲಿ ಇನ್‌ಸ್ಟಂಟ್ ಫ್ಲ್ಯಾಶ್ ಎಂದು ಹೆಸರು ಬೇರೆಯಾದರೂ ಕೆಲಸ ಒಂದೇ: ಫರ್ಮ್‌ವೇರ್‌ನೊಳಗೇ ಅಡಕವಾಗಿರುವ ನವೀಕರಣ ಸಾಧನ. ಜಾಲತಾಣದಿಂದ ಇಳಿಸಿದ ಜಿಪ್ ಕಡತವನ್ನು ಬಿಚ್ಚಿ, ಒಳಗಿನ ಫರ್ಮ್‌ವೇರ್ ಕಡತವನ್ನು ಪೆನ್‌ಡ್ರೈವಿಗೆ ನಕಲಿಸಿ, ಯಂತ್ರ ಮರುಚಾಲನೆ ಮಾಡಿ ಸೆಟಪ್ ಪರದೆಯಲ್ಲಿ ಈ ಸಾಧನವನ್ನು ತೆರೆದರೆ ಅದು ಕಡತವನ್ನು ತೋರಿಸುತ್ತದೆ. ಡಿಸ್ಕಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇದೆ, ಅಥವಾ ಡಿಸ್ಕೇ ಇದೆಯೇ ಎಂಬುದೂ ಇಲ್ಲಿ ಅಪ್ರಸ್ತುತ.

ಪೆನ್‌ಡ್ರೈವ್ ಕಾಣಿಸುತ್ತಿಲ್ಲ ಎಂಬ ದೂರಿಗೆ ಕಾರಣ ಬಹುಪಾಲು ಅದರ ಫಾರ್ಮ್ಯಾಟ್. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಪೆನ್‌ಡ್ರೈವುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ರೂಪದಲ್ಲಿ ಬರುತ್ತವೆ. ಅನೇಕ ಬೋರ್ಡುಗಳು ಫ್ಯಾಟ್32 ಅಲ್ಲದೆ ಬೇರೇನನ್ನೂ ಓದುವುದಿಲ್ಲ. ಕಚೇರಿಯ ಮೂಲೆಯಲ್ಲಿ ಬಿದ್ದಿರುವ 4 ಅಥವಾ 8 ಜಿಬಿಯ ಹಳೆಯ ಪೆನ್‌ಡ್ರೈವನ್ನು ಲಿನಕ್ಸ್‌ನ ಡಿಸ್ಕ್ಸ್ ಸಾಧನದಿಂದ ಫ್ಯಾಟ್ ರೂಪಕ್ಕೆ ತಂದುಕೊಂಡರೆ ಈ ಕೆಲಸಕ್ಕೆ ಅದೇ ಉತ್ತಮ. ಫಾರ್ಮ್ಯಾಟ್ ಮಾಡಿದಾಗ ಅದರಲ್ಲಿದ್ದುದೆಲ್ಲ ಅಳಿಯುತ್ತದೆ ಎಂಬುದನ್ನು ನೆನಪಿಡಬೇಕು. ತಯಾರಕರು ಕಡತದ ಜೊತೆ ಶಾ-256 ಎಂಬ ಪರಿಶೀಲನಾ ಮೊತ್ತವನ್ನು ಪ್ರಕಟಿಸಿದ್ದರೆ ಲಿನಕ್ಸ್‌ನ ಶಾ256ಸಮ್ ಅಪ್ಪಣೆಯಿಂದ ತಾಳೆ ನೋಡತಕ್ಕದ್ದು. ಸಂಪರ್ಕ ಕಡಿದು ಕಡಿದು ಬರುವ ಕಡೆ ಇಳಿಸಿದ ಕಡತ ಅರ್ಧಂಬರ್ಧವಾಗಿರುವ ಸಾಧ್ಯತೆ ಇರುವುದರಿಂದ ಇದನ್ನು ಔಪಚಾರಿಕತೆ ಎಂದು ಭಾವಿಸಬಾರದು.

ಇನ್ನು ಜಾಲತಾಣದಲ್ಲಿ ಇಎಕ್ಸ್‌ಇ ಕಡತ ಮಾತ್ರ ದೊರೆಯುವ ಸಂದರ್ಭ. ಡೆಲ್ ಯಂತ್ರಗಳಲ್ಲಿ ಆ ಇಎಕ್ಸ್‌ಇ ಕಡತವನ್ನು ಬಿಚ್ಚುವ ಅಗತ್ಯವೇ ಇಲ್ಲ. ಅದನ್ನು ಹಾಗೆಯೇ ಪೆನ್‌ಡ್ರೈವಿಗೆ ಹಾಕಿ, ಯಂತ್ರ ಆರಂಭವಾಗುವಾಗ ಎಫ್12 ಒತ್ತಿ, ಬಯೋಸ್ ಫ್ಲ್ಯಾಶ್ ಅಪ್‌ಡೇಟ್ ಎಂಬುದನ್ನು ಆಯ್ದರೆ ಬೋರ್ಡೇ ಅದರೊಳಗಿನಿಂದ ಬೇಕಾದ್ದನ್ನು ತೆಗೆದುಕೊಳ್ಳುತ್ತದೆ. ಥಿಂಕ್‌ಪ್ಯಾಡ್‌ಗಳಿಗೆ ಲೆನೊವೊ ಸಂಸ್ಥೆಯು ಸಿಡಿಯಿಂದ ಚಾಲನೆಗೊಳ್ಳುವ ಐಎಸ್ಒ ಬಿಂಬವನ್ನೂ ಪ್ರಕಟಿಸುತ್ತದೆ. ಗೆಟ್ಎಲ್ಟೊರಿಟೊ ಎಂಬ ಪುಟ್ಟ ಕ್ರಮವಿಧಿಯಿಂದ ಅದನ್ನು ಪೆನ್‌ಡ್ರೈವಿಗೆ ಹೊಂದುವಂತೆ ಪರಿವರ್ತಿಸಬಹುದು. ಎಚ್‌ಪಿಯ ಕಚೇರಿ ಬಳಕೆಯ ಕೆಲವು ಯಂತ್ರಗಳಲ್ಲಿ ಎಫ್10 ಸೆಟಪ್ ಪರದೆಯಿಂದಲೇ ಜಾಲ ಸಂಪರ್ಕದ ಮೂಲಕ ಹೊಸ ಬಯೋಸ್ ಹುಡುಕುವ ಸೌಲಭ್ಯವಿದೆ. ಉಳಿದ ಕೆಲವು ಇಎಕ್ಸ್‌ಇ ಕಡತಗಳನ್ನು ಲಿನಕ್ಸ್‌ನ 7-ಜಿಪ್ ಸಾಧನದಿಂದ ಬಿಚ್ಚಿದಾಗ ಒಳಗೆ ಫರ್ಮ್‌ವೇರ್ ಬಿಂಬ ಸಿಗುವುದುಂಟು. ಹಾಗೆ ಸಿಕ್ಕಿದ್ದನ್ನು ಸೆಟಪ್ ಪರದೆಯ ಅಧಿಕೃತ ಸಾಧನಕ್ಕೆ ಮಾತ್ರ ಒಪ್ಪಿಸಬೇಕು. ಅದು ನಿರಾಕರಿಸಿದರೆ ಒತ್ತಾಯ ಸಲ್ಲದು.

ವೈನ್ ತಂತ್ರಾಂಶದ ಮೂಲಕ ಲಿನಕ್ಸ್‌ನಲ್ಲಿ ಈ ಇಎಕ್ಸ್‌ಇ ಓಡಿಸಬಹುದೇ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ. ವೈನ್ ಒಳಗಿನ ಕ್ರಮವಿಧಿಗೆ ಬೋರ್ಡಿನ ಚಿಪ್ಪನ್ನು ತಲುಪುವ ದಾರಿಯಿಲ್ಲ. ವರ್ಚುವಲ್ ಯಂತ್ರದಲ್ಲಿ ವಿಂಡೋಸ್ ಓಡಿಸಿದರೂ ಫಲವಿಲ್ಲ, ಏಕೆಂದರೆ ಅಲ್ಲಿ ಕಾಣುವುದು ಕಲ್ಪಿತ ಬೋರ್ಡು. ಸುಮಾರು 2010ಕ್ಕಿಂತ ಹಿಂದಿನ, ಡಾಸ್ ಕ್ರಮವಿಧಿಯನ್ನಷ್ಟೇ ಕೊಟ್ಟಿರುವ ಯಂತ್ರಗಳಿಗೆ ಮಾತ್ರ ಫ್ರೀಡಾಸ್ ನೆರವಾಗುತ್ತದೆ. ಜಿಮ್ ಹಾಲ್ ಅವರು 1994ರಲ್ಲಿ ಆರಂಭಿಸಿದ ಈ ಮುಕ್ತ ಡಾಸ್ ಪೆನ್‌ಡ್ರೈವಿನಿಂದ ಚಾಲನೆಗೊಳ್ಳುತ್ತದೆ. ಇಂದಿನ ಯುಇಎಫ್‌ಐ ಯಂತ್ರಗಳಲ್ಲಿ ಅದರ ಉಪಯೋಗ ಇಲ್ಲವೆಂದೇ ಹೇಳಬೇಕು.

ಕೆಲವು ಡೆಸ್ಕ್‌ಟಾಪ್ ಬೋರ್ಡುಗಳ ಹಿಂಬದಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಗುಂಡಿಯಿರುತ್ತದೆ. ಪ್ರೊಸೆಸರ್, ಸ್ಮೃತಿಕೋಶ ಏನೂ ಇಲ್ಲದಿದ್ದರೂ, ವಿದ್ಯುತ್ ಒಂದಿದ್ದರೆ, ಗುರುತು ಮಾಡಿದ ಯುಎಸ್‌ಬಿ ಕಿಂಡಿಯಲ್ಲಿನ ಪೆನ್‌ಡ್ರೈವಿನಿಂದ ಈ ಗುಂಡಿ ಫರ್ಮ್‌ವೇರನ್ನು ಬರೆಸುತ್ತದೆ. ಕಡತಕ್ಕೆ ನಿಗದಿತ ಹೆಸರು ಕೊಟ್ಟಿರಬೇಕು. ಎಂಎಸ್‌ಐ ಬೋರ್ಡುಗಳಿಗೆ ಅದು ಎಂಎಸ್‌ಐ.ರಾಮ್. ಆಸುಸ್ ಸಂಸ್ಥೆ ಹೆಸರು ಬದಲಿಸಲು ಕೊಡುವ ಸಾಧನ ವಿಂಡೋಸ್‌ನದಾದರೂ, ಬದಲಿಸಬೇಕಾದ ಹೆಸರು ಬೋರ್ಡಿನ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಕೈಯಿಂದ ಹೆಸರು ಬದಲಿಸಿದರೆ ಸಾಕು.

ವಿದ್ಯುತ್ ಮತ್ತು ತಾಳ್ಮೆ

ಹಳೆಯ ಫರ್ಮ್‌ವೇರ್ ಅಳಿದು ಹೊಸತು ಪೂರ್ಣವಾಗಿ ಬರೆಯಲ್ಪಡುವ ನಡುವಿನ ಒಂದೆರಡು ನಿಮಿಷವೇ ಇಡೀ ಪ್ರಕ್ರಿಯೆಯ ಸಂಕಟದ ಗಳಿಗೆ. ಆಗ ವಿದ್ಯುತ್ ಹೋದರೆ ಯಂತ್ರಕ್ಕೆ ಆರಂಭವಾಗುವ ವಿದ್ಯೆಯೇ ಮರೆತುಹೋಗುತ್ತದೆ. ಆದ್ದರಿಂದ ಯು.ಪಿ.ಎಸ್. ಇಲ್ಲದೆ ಡೆಸ್ಕ್‌ಟಾಪಿನ ಫರ್ಮ್‌ವೇರ್ ಮುಟ್ಟತಕ್ಕದ್ದಲ್ಲ. ಯು.ಪಿ.ಎಸ್. ಇದ್ದಲ್ಲಿಯೂ ಅದರ ಬ್ಯಾಟರಿ ನಿಜವಾಗಿ ಹೊರೆ ತಡೆಯುತ್ತದೆಯೇ ಎಂದು, ಮೊದಲು ಕಡತಗಳನ್ನೆಲ್ಲ ಮುಚ್ಚಿ, ಮುಖ್ಯ ಸ್ವಿಚ್ ತೆಗೆದು ಹತ್ತು ನಿಮಿಷ ಪರೀಕ್ಷಿಸಬೇಕು. ಗೋಡೆಯ ಮೇಲೆ ಹಸಿರು ದೀಪ ಉರಿಯುತ್ತಿದ್ದರೂ ಸ್ವಿಚ್ ತೆಗೆದ ಕ್ಷಣಕ್ಕೇ ಕೈಕೊಡುವ ಯು.ಪಿ.ಎಸ್.ಗಳು ಅಪರೂಪವಲ್ಲ. ಮುಂಗಾರು ಪೂರ್ವದ ಗುಡುಗು ಮಳೆಯ ಸಂಜೆ, ಮಾರ್ಗ ದುರಸ್ತಿಗೆಂದು ವಿದ್ಯುತ್ ನಿಲುಗಡೆ ಪ್ರಕಟವಾದ ದಿನ, ತಿಂಗಳ ಕೊನೆಯ ಲೆಕ್ಕಪತ್ರದ ಒತ್ತಡದ ವೇಳೆ ಈ ಕೆಲಸಕ್ಕೆ ಹೇಳಿಸಿದ್ದಲ್ಲ.

ಬರವಣಿಗೆ ನಡೆಯುವಾಗ ಪರದೆ ಕಪ್ಪಾಗುವುದು, ಫ್ಯಾನು ಪೂರ್ಣ ವೇಗದಲ್ಲಿ ಸದ್ದು ಮಾಡುವುದು, ಯಂತ್ರ ತಾನಾಗಿ ಎರಡು ಮೂರು ಬಾರಿ ಮರುಚಾಲನೆಗೊಳ್ಳುವುದು ಇವೆಲ್ಲ ಸಹಜ. ಡಿಡಿಆರ್5 ಸ್ಮೃತಿಕೋಶವಿರುವ ಹೊಸ ಯಂತ್ರಗಳು ನವೀಕರಣದ ನಂತರ ಮೊದಲ ಸಲ ಆರಂಭವಾಗುವಾಗ ಹಲವು ನಿಮಿಷ ಏನನ್ನೂ ತೋರಿಸದೆ ಇರಬಹುದು. ಯಂತ್ರ ಕೆಟ್ಟಿತೆಂದು ಗಾಬರಿಗೊಂಡು ಗುಂಡಿ ಒತ್ತಿ ಹಿಡಿದಾಗಲೇ ನಿಜವಾಗಿ ಕೆಡುವ ಸಂಭವ. ಅರ್ಧ ಗಂಟೆಯಾದರೂ ಕಾಯುವುದು ಸೂಕ್ತ.

ನವೀಕರಣದ ನಂತರ

ಹೊಸ ಫರ್ಮ್‌ವೇರ್ ಅನೇಕ ವೇಳೆ ಹಿಂದಿನ ಆಯ್ಕೆಗಳನ್ನು ಮರೆತು ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ಇದಕ್ಕಾಗಿ ಮುಂಚೆಯೇ ಸೆಟಪ್ ಪರದೆಯ ಪುಟಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಸುಲಭದ ಉಪಾಯ. ವಿಶೇಷವಾಗಿ ಡಿಸ್ಕಿನ ವಿಧಾನ ಎಎಚ್‌ಸಿಐ ಆಗಿದ್ದುದು ರೇಡ್ ಆಗಿ ಬದಲಾದರೆ ಲಿನಕ್ಸ್‌ಗೆ ಡಿಸ್ಕೇ ಕಾಣದೆ ಹೋಗಬಹುದು. ಮಾಹಿತಿ ಅಳಿದಿರುವುದಿಲ್ಲ, ಆಯ್ಕೆಯನ್ನು ಹಿಂದಿನಂತೆ ಮಾಡಿದರೆ ಎಲ್ಲವೂ ಮರಳುತ್ತದೆ. ಕೆಲವೊಮ್ಮೆ ಆರಂಭದ ಪಟ್ಟಿಯಿಂದ ಉಬುಂಟು ಎಂಬ ನಮೂದೇ ಅಳಿಸಿಹೋಗಿರುತ್ತದೆ. ಆಗ ಲಿನಕ್ಸ್ ಪೆನ್‌ಡ್ರೈವಿನಿಂದ ಯಂತ್ರ ಆರಂಭಿಸಿ ಇಎಫ್‌ಐಬೂಟ್‌ಎಂಜಿಆರ್ ಅಪ್ಪಣೆಯಿಂದ ನಮೂದನ್ನು ಮತ್ತೆ ಸೇರಿಸಬಹುದು. ಈ ಒಂದು ನಮೂದಿಗಾಗಿ ಲಿನಕ್ಸನ್ನೇ ಮೊದಲಿನಿಂದ ಅಳವಡಿಸಲು ಹೊರಡುವುದು ಅನವಶ್ಯಕ ಶ್ರಮ.

ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದಲ್ಲಿ ಇನ್ನೊಂದು ಅಪಾಯವಿದೆ. ವಿಂಡೋಸ್ ಭಾಗ ಬಿಟ್‌ಲಾಕರ್‌ನಿಂದ ಬೀಗ ಹಾಕಲ್ಪಟ್ಟಿದ್ದರೆ, ಫರ್ಮ್‌ವೇರ್ ಬದಲಾದುದನ್ನು ಟಿಪಿಎಂ ಗಮನಿಸಿ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಕೀಲಿ ಇಲ್ಲದಿದ್ದರೆ ಆ ಭಾಗದ ಮಾಹಿತಿ ಕೈತಪ್ಪಿದಂತೆಯೇ. ಹಿಂದಿದ್ದ ನೌಕರರು ವರ್ಗಾವಣೆಯಾಗಿ ಹೋದ ಕಚೇರಿಗಳಲ್ಲಿ ಆ ಕೀಲಿ ಯಾರ ಖಾತೆಯಲ್ಲಿದೆ ಎಂಬುದನ್ನು ನವೀಕರಣಕ್ಕೆ ಮೊದಲೇ ಪತ್ತೆ ಮಾಡಿಟ್ಟುಕೊಳ್ಳಬೇಕು. ಲಿನಕ್ಸ್ ಡಿಸ್ಕಿನ ಬೀಗವನ್ನು ಟಿಪಿಎಂಗೆ ಬೆಸೆದಿದ್ದರೂ ಇದೇ ಮಾತು ಅನ್ವಯಿಸುತ್ತದೆ.

ಯಂತ್ರ ಏಳದೆ ಹೋದರೆ

ಫ್ಲ್ಯಾಶ್‌ಬ್ಯಾಕ್ ಗುಂಡಿಯಿದ್ದರೆ ಅದೇ ಮೊದಲ ಚಿಕಿತ್ಸೆ. ಗಿಗಾಬೈಟ್‌ನ ಕೆಲವು ಬೋರ್ಡುಗಳಲ್ಲಿ ಎರಡನೆಯ ಚಿಪ್ಪಿನಲ್ಲಿ ಮೂಲ ಬಯೋಸ್‌ನ ಪ್ರತಿಯೊಂದು ಇರುತ್ತದೆ. ಡೆಲ್‌ನ ಅನೇಕ ಲ್ಯಾಪ್‌ಟಾಪುಗಳಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಕೀಲಿಗಳನ್ನು ಒತ್ತಿ ಹಿಡಿದು ಚಾರ್ಜರ್ ಜೋಡಿಸಿದರೆ, ಎಚ್‌ಪಿಯ ಹಲವು ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ಬಿ ಕೀಲಿಯನ್ನೂ ಒತ್ತಿ ಹಿಡಿದು ಆರಂಭಿಸಿದರೆ, ಮರುಪ್ರಾಪ್ತಿ ಪರದೆ ಬರುತ್ತದೆ. ಇವಾವುದೂ ಫಲಿಸದಿದ್ದಾಗ ಉಳಿಯುವುದು ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರ್ ಮತ್ತು ಎಂಟು ಕಾಲಿನ ಕ್ಲಿಪ್. ಇದಕ್ಕೆ ಫ್ಲ್ಯಾಶ್‌ರಾಮ್ ಎಂಬ ಮುಕ್ತ ತಂತ್ರಾಂಶ ಲಿನಕ್ಸ್‌ನಲ್ಲಿ ಲಭ್ಯ. ಆದರೆ ಕೆಲವು ಚಿಪ್ಪುಗಳು 3.3 ವೋಲ್ಟ್, ಕೆಲವು 1.8 ವೋಲ್ಟ್, ತಪ್ಪಿದರೆ ಚಿಪ್ಪೇ ಸುಡುತ್ತದೆ. ಇದು ಅನುಭವಿ ತಂತ್ರಜ್ಞರ ಕೈಗೆ ಬಿಡಬೇಕಾದ ಕೆಲಸ. ಓಡುತ್ತಿರುವ ಲ್ಯಾಪ್‌ಟಾಪಿನಲ್ಲಿ ಫ್ಲ್ಯಾಶ್‌ರಾಮ್ ಪ್ರಯೋಗಿಸುವುದು ಅದಕ್ಕಿಂತಲೂ ಅಪಾಯ.

ಖಾತರಿ ಅವಧಿಯಲ್ಲಿರುವ ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದದಡಿ ಇರುವ ಯಂತ್ರಗಳಾದರೆ ಪೂರೈಕೆದಾರರಿಗೆ ಲಿಖಿತವಾಗಿ ತಿಳಿಸಿಯೇ ಮುಂದುವರಿಯತಕ್ಕದ್ದು. ಮುಂದಿನ ಖರೀದಿಗಳಲ್ಲಿ ಸರ್ಕಾರಿ ಇ-ಮಾರುಕಟ್ಟೆಯಾದ ಜೆಮ್ ಮೂಲಕ ಬೇಡಿಕೆ ಸಲ್ಲಿಸುವಾಗ, ಸೆಟಪ್ ಪರದೆಯಿಂದ ಅಥವಾ ಲಿನಕ್ಸ್ ಉಗ್ರಾಣದಿಂದ ಫರ್ಮ್‌ವೇರ್ ನವೀಕರಿಸಲು ಸಾಧ್ಯವಿರಬೇಕು ಎಂಬ ಒಂದು ಸಾಲನ್ನು ತಾಂತ್ರಿಕ ವಿವರಣೆಯಲ್ಲಿ ಸೇರಿಸುವುದನ್ನು ಪರಿಶೀಲಿಸಬಹುದು. ಇಷ್ಟೆಲ್ಲ ಆದರೂ ಬೋರ್ಡಿನೊಳಗಿನ ಫರ್ಮ್‌ವೇರ್ ಬಹುಪಾಲು ತಯಾರಕರ ಸ್ವಾಮ್ಯದ್ದೇ ಆಗಿ ಉಳಿಯುತ್ತದೆ ಎಂಬುದು ನಿಜ. ಅಮೆರಿಕದ ಲಾಸ್ ಅಲಮಾಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1999ರಲ್ಲಿ ಲಿನಕ್ಸ್‌ಬಯೋಸ್ ಎಂಬ ಹೆಸರಿನಲ್ಲಿ ಆರಂಭವಾದ ಕೋರ್‌ಬೂಟ್ ಯೋಜನೆಯು ಆ ಭಾಗವನ್ನೂ ಮುಕ್ತಗೊಳಿಸಲು ಶ್ರಮಿಸುತ್ತಿದ್ದು, ಕ್ರೋಮ್‌ಬುಕ್‌ಗಳಲ್ಲಿ ಅದು ಬಳಕೆಯಲ್ಲಿದೆ. ಕಚೇರಿಯ ಸಾಮಾನ್ಯ ಡೆಸ್ಕ್‌ಟಾಪುಗಳ ಪೈಕಿ ಅದು ಹೊಂದುವಂಥವು ವಿರಳ.

ನವೀಕರಣ ಪೂರ್ಣಗೊಂಡ ಮೇಲೆ ಡಿಎಂಐಡಿಕೋಡ್ ಅಪ್ಪಣೆಯನ್ನು ಮತ್ತೊಮ್ಮೆ ಓಡಿಸಿ ಹೊಸ ಆವೃತ್ತಿ ಬಂದಿರುವುದನ್ನು ಖಚಿತಪಡಿಸಿಕೊಂಡು, ಬೋರ್ಡಿನ ಮಾದರಿ, ಹಿಂದಿನ ಆವೃತ್ತಿ, ಹೊಸ ಆವೃತ್ತಿ, ದಿನಾಂಕ, ನಿರ್ವಹಿಸಿದವರ ಪದನಾಮ ಇವನ್ನು ದಾಸ್ತಾನು ವಹಿಯಲ್ಲಿ ಆ ಯಂತ್ರದ ನಮೂದಿನ ಎದುರು ಬರೆದಿಡತಕ್ಕದ್ದು. ಬಳಸಿದ ಫರ್ಮ್‌ವೇರ್ ಕಡತದ ಪ್ರತಿಯೊಂದನ್ನು ಬೇರೊಂದು ಪೆನ್‌ಡ್ರೈವಿನಲ್ಲಿ, ಯಂತ್ರದ ಹೆಸರಿನ ಚೀಟಿ ಅಂಟಿಸಿ, ಬೀರುವಿನಲ್ಲಿ ಇಟ್ಟುಕೊಂಡಿರಬೇಕು.